ಒಂಬತ್ತನೇ ತರಗತಿಯಲ್ಲಿ ಸೇನಾಧಿಕಾರಿಯ ದಾರಿ
ನಂಗಲಿ ಭಾಗದ ಪ್ರೌಢಶಾಲೆಗಳಿಗಾಗಿ ಎರಡು ಅವಧಿಗಳ ವೃತ್ತಿ ಮಾರ್ಗದರ್ಶನ ಪಾಠ

ಪೀಠಿಕೆ

ಬೋಧನಾಭ್ಯಾಸಕ್ಕೆಂದು ಪ್ರೌಢಶಾಲೆಗೆ ಹೋದ ಪ್ರಶಿಕ್ಷಣಾರ್ಥಿಗಳು "ಮುಂದೆ ಏನಾಗಬೇಕು ಅಂತ ಇದ್ದೀರಿ?" ಎಂದು ಕೇಳಿದರೆ, ಟೀಚರ್, ಪೊಲೀಸ್, ಡಾಕ್ಟರ್ ಎಂಬ ಉತ್ತರಗಳ ಜೊತೆಗೆ "ಮಿಲ್ಟ್ರಿಗೆ ಹೋಗ್ತೀನಿ ಸಾರ್" ಎಂಬ ಉತ್ತರವೂ ಬರುತ್ತದೆ. "ಹೇಗೆ ಹೋಗ್ತೀಯ?" ಎಂದು ಮುಂದುವರಿಸಿದರೆ ಮಕ್ಕಳಿಗೆ ಗೊತ್ತಿರುವುದು ಭರ್ತಿ ರ್ಯಾಲಿ, ಓಟ, ಎತ್ತರ, ಎದೆಯ ಅಳತೆ ಇಷ್ಟೇ. ಅದು ಸೈನಿಕನಾಗಿ ಸೇರುವ ದಾರಿ. ಗೌರವದ ದಾರಿಯೇ ಹೌದು. ಆದರೆ ಅದೇ ಸೇನೆಗೆ ಅಧಿಕಾರಿಯಾಗಿ ಸೇರುವ ದಾರಿಯೊಂದು ದ್ವಿತೀಯ ಪಿಯುಸಿ ಮುಗಿಯುತ್ತಿದ್ದಂತೆಯೇ ತೆರೆದುಕೊಳ್ಳುತ್ತದೆ. ಅದಕ್ಕೆ ಪದವಿ ಬೇಕಿಲ್ಲ, ಶಿಫಾರಸು ಬೇಕಿಲ್ಲ. ಅರ್ಜಿ ಶುಲ್ಕ 100 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮತ್ತು ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಈ ಸಂಗತಿ ಮುಳಬಾಗಿಲು ತಾಲ್ಲೂಕಿನ ಗಡಿಭಾಗದ ಮಕ್ಕಳಿಗೆ ಸಕಾಲದಲ್ಲಿ ತಲುಪಬೇಕೆಂಬುದೇ ಈ ಪಾಠದ ಆಶಯ.

ಸೇನಾಧಿಕಾರಿ ಎಂದೊಡನೆ ಕರ್ನಾಟಕದಲ್ಲಿ ನೆನಪಾಗುವುದು ಕೊಡಗು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪ ಕೊಡಗಿನವರು. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯ ಕೂಡ ಅಲ್ಲಿಯವರೇ. ಹಾಗಾದರೆ ಸೇನಾಧಿಕಾರಿಯಾಗುವುದು ಹುಟ್ಟಿದ ಊರಿನ ಗುಣವೇ? ಹಾಗೆ ಹೇಳಲಾಗದು. ಸೇನೆಯಲ್ಲಿರುವವರು ಮನೆಯಲ್ಲೋ ನೆಂಟರಲ್ಲೋ ಇದ್ದರೆ ಯಾವ ಪರೀಕ್ಷೆ ಬರೆಯಬೇಕು, ಯಾವ ವಯಸ್ಸಿಗೆ ಬರೆಯಬೇಕು, ಪಿಯುಸಿಯಲ್ಲಿ ಏನು ಓದಬೇಕು ಎಂಬುದು ಮಗುವಿಗೆ ಊಟದ ಹೊತ್ತಿನ ಮಾತಿನಲ್ಲೇ ತಿಳಿದುಬಿಡುತ್ತದೆ. ನಂಗಲಿಯ ಸುತ್ತಮುತ್ತಲಿನ ಹೊಲ, ಹೈನುಗಾರಿಕೆ, ಕೂಲಿಯ ಮನೆಗಳಲ್ಲಿ ಆ ಮಾತನ್ನು ಹೇಳುವವರು ವಿರಳ. ಮನೆಯಲ್ಲಿ ಸಿಗದ ಈ ತಿಳಿವಳಿಕೆಯನ್ನು ಶಾಲೆಯೇ ಕೊಡಬೇಕಾಗುತ್ತದೆ.

ಇದನ್ನು ಒಂಬತ್ತನೇ ತರಗತಿಗೇ ಏಕೆ ಕಲಿಸಬೇಕು ಎಂಬ ಪ್ರಶ್ನೆ ಬರಬಹುದು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಮಗು ಕಲೆ, ವಾಣಿಜ್ಯ, ವಿಜ್ಞಾನಗಳಲ್ಲಿ ಒಂದನ್ನು ಆರಿಸಿಕೊಂಡಿರುತ್ತದೆ. ಆ ಆಯ್ಕೆಯೊಂದಿಗೆ ಕೆಲವು ಬಾಗಿಲುಗಳು ಮುಚ್ಚುತ್ತವೆ. ಮುಚ್ಚಿದ್ದು ಮಗುವಿಗೆ ತಿಳಿಯುವುದು ಎರಡು ವರ್ಷಗಳ ನಂತರ. ಒಂಬತ್ತನೇ ತರಗತಿಯಲ್ಲೇ ತಿಳಿಸಿದರೆ ಯೋಚಿಸಲು ಪೂರ್ತಿ ಒಂದು ವರ್ಷ ಸಿಗುತ್ತದೆ.

ಪಾಠದ ಉದ್ದೇಶಗಳು

ಈ ಎರಡು ಅವಧಿಗಳ ಕೊನೆಗೆ ವಿದ್ಯಾರ್ಥಿಗಳು
1. ಸೈನಿಕನಾಗಿ ಸೇರುವುದಕ್ಕೂ ಅಧಿಕಾರಿಯಾಗಿ ಸೇರುವುದಕ್ಕೂ ಇರುವ ವ್ಯತ್ಯಾಸವನ್ನು ಹೇಳುತ್ತಾರೆ.
2. ಎನ್‌ಡಿಎ ಪರೀಕ್ಷೆಯ ವಯೋಮಿತಿ, ವಿದ್ಯಾರ್ಹತೆ ಮತ್ತು ಅಂಕ ಹಂಚಿಕೆಯನ್ನು ವಿವರಿಸುತ್ತಾರೆ.
3. ಪಿಯುಸಿಯ ವಿಭಾಗ ಆಯ್ಕೆಗೂ ಈ ದಾರಿಗೂ ಇರುವ ಸಂಬಂಧವನ್ನು ಗುರುತಿಸುತ್ತಾರೆ.
4. ಗುಂಪಿನಲ್ಲಿ ಒಂದು ಸಮಸ್ಯೆಯನ್ನು ಚರ್ಚಿಸಿ ಒಪ್ಪಿತವಾದ ಯೋಜನೆ ರೂಪಿಸುತ್ತಾರೆ.
5. ತಮಗೆ ಹೊಂದುವ ದಿನಚರಿಯೊಂದನ್ನು ಬರೆದುಕೊಳ್ಳುತ್ತಾರೆ.

ಪೂರ್ವಜ್ಞಾನ: ಶೇಕಡಾವಾರು, ವೃತ್ತ ನಕ್ಷೆ, ದಿನಾಂಕಗಳ ಲೆಕ್ಕ, ಭೂಪಟ ಓದುವಿಕೆ.

ಬೋಧನೋಪಕರಣಗಳು: ಕೇಂದ್ರ ಲೋಕಸೇವಾ ಆಯೋಗದ ಇತ್ತೀಚಿನ ಎನ್‌ಡಿಎ ಅಧಿಸೂಚನೆಯ ಪ್ರತಿ, ಭಾರತದ ಭೂಪಟ, ಕೈವಾರ ಮತ್ತು ಕೋನಮಾಪಕ, ಡ್ರಾಯಿಂಗ್ ಹಾಳೆಗಳು, ಗಡಿಯಾರ.

ಮೊದಲ ಅವಧಿ

ಹಂತ 1: ತೊಡಗಿಸುವಿಕೆ (5 ನಿಮಿಷ)

ಭೂಪಟದಲ್ಲಿ ನಂಗಲಿಯ ಜಾಗವನ್ನು ಗುರುತಿಸಲು ಒಬ್ಬ ವಿದ್ಯಾರ್ಥಿಯನ್ನು ಕರೆಯಬೇಕು. ನಮ್ಮೂರು ಇಂದು ಕರ್ನಾಟಕ–ಆಂಧ್ರ ಗಡಿಯಲ್ಲಿದೆ ಎಂಬುದು ಮಕ್ಕಳಿಗೆ ಗೊತ್ತು. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡು, ಕೊಂಗು ಇವುಗಳ ಜೊತೆಯಲ್ಲಿ ನಂಗಲಿಯ ಹೆಸರೂ ಬರುತ್ತದೆ ಎಂಬುದನ್ನು ಇಲ್ಲಿ ತಿಳಿಸಬಹುದು. ಒಬ್ಬ ಅರಸನು ಗೆದ್ದ ಊರುಗಳ ಪಟ್ಟಿಯಲ್ಲಿ ನಮ್ಮೂರನ್ನು ಹೆಸರಿಸಿ ಹೇಳಿಕೊಂಡಿದ್ದಾನೆಂದರೆ, ಆ ಕಾಲದಲ್ಲೂ ಈ ಗಡಿ ಮುಖ್ಯವಾಗಿತ್ತು ಎಂದು ತಿಳಿಯುತ್ತದೆ. ಅಲ್ಲಿಂದ ಮುಂದಿನ ಪ್ರಶ್ನೆಗಳು: "ಈಗ ದೇಶದ ಗಡಿ ಕಾಯುವವರು ಯಾರು? ಅವರಿಗೆ ಆಜ್ಞೆ ಕೊಡುವವರು ಯಾರು? ಆಜ್ಞೆ ಕೊಡುವವರು ಆ ಜಾಗಕ್ಕೆ ಹೇಗೆ ಬಂದರು?"

ಮೂರನೆಯ ಪ್ರಶ್ನೆಗೆ "ಬಡ್ತಿ ಸಿಕ್ಕಿ" ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು. ಅದನ್ನು ತಪ್ಪೆಂದು ತಳ್ಳಿಹಾಕಬಾರದು. ಸೈನಿಕರಾಗಿ ಸೇರಿ ಅಧಿಕಾರಿಗಳಾದವರೂ ಇದ್ದಾರೆ. ಆದರೆ ಹೆಚ್ಚಿನ ಅಧಿಕಾರಿಗಳು ನೇರವಾಗಿ ಅಧಿಕಾರಿ ತರಬೇತಿಗೇ ಆಯ್ಕೆಯಾದವರು ಎಂದು ಹೇಳಿ ವಿಷಯಕ್ಕೆ ಬರಬೇಕು.

ಹಂತ 2: ವಿವರಣೆ (15 ನಿಮಿಷ)

ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ಎನ್‌ಡಿಎ ಎಂದು ಎಲ್ಲರೂ ಕರೆಯುವುದು ಇದನ್ನೇ. 1949ರ ಅಕ್ಟೋಬರ್ 6ರಂದು ಪ್ರಧಾನಿ ಜವಾಹರಲಾಲ್ ನೆಹರೂ ಇದಕ್ಕೆ ಅಡಿಗಲ್ಲು ಹಾಕಿದರು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಸೇರಬೇಕಾದ ಕೆಡೆಟ್‌ಗಳು ಇಲ್ಲಿ ಮೂರು ವರ್ಷ ಒಟ್ಟಿಗೆ ಓದುತ್ತಾರೆ, ಒಟ್ಟಿಗೆ ತರಬೇತಿ ಪಡೆಯುತ್ತಾರೆ. ಓದು ಮುಗಿದಾಗ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿ ದೊರೆಯುತ್ತದೆ. ಆಮೇಲೆ ಭೂಸೇನೆಯವರು ಡೆಹ್ರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿಗೆ, ನೌಕಾಪಡೆಯವರು ಕೇರಳದ ಎಳಿಮಲದಲ್ಲಿರುವ ನೌಕಾ ಅಕಾಡೆಮಿಗೆ, ವಾಯುಪಡೆಯವರು ಹೈದರಾಬಾದಿನ ಹತ್ತಿರದ ದುಂಡಿಗಲ್‌ಗೆ ಹೋಗುತ್ತಾರೆ. ಈ ನಾಲ್ಕೂ ಊರುಗಳನ್ನು ಮಕ್ಕಳೇ ಭೂಪಟದಲ್ಲಿ ಗುರುತಿಸಲಿ.

ಕಪ್ಪುಹಲಗೆಯ ಮೇಲೆ ಬರೆಯಬೇಕಾದ ಮುಖ್ಯಾಂಶಗಳು:

ಪರೀಕ್ಷೆ ನಡೆಸುವವರು: ಕೇಂದ್ರ ಲೋಕಸೇವಾ ಆಯೋಗ, ವರ್ಷಕ್ಕೆ ಎರಡು ಬಾರಿ.
ವಯಸ್ಸು: ತರಬೇತಿ ಆರಂಭವಾಗುವ ಹೊತ್ತಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷ. ಅವಿವಾಹಿತರಾಗಿರಬೇಕು.
ವಿದ್ಯಾರ್ಹತೆ: ಭೂಸೇನೆಗೆ ಯಾವುದೇ ವಿಭಾಗದ ದ್ವಿತೀಯ ಪಿಯುಸಿ. ವಾಯುಪಡೆ ಮತ್ತು ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು.
ಆಯ್ಕೆ: 900 ಅಂಕಗಳ ಲಿಖಿತ ಪರೀಕ್ಷೆ, 900 ಅಂಕಗಳ ಎಸ್‌ಎಸ್‌ಬಿ ಸಂದರ್ಶನ, ಆಮೇಲೆ ವೈದ್ಯಕೀಯ ಪರೀಕ್ಷೆ.
ಖರ್ಚು: ವಸತಿ, ಊಟ, ಪುಸ್ತಕ, ಸಮವಸ್ತ್ರ, ತರಬೇತಿ ಎಲ್ಲವೂ ಸರ್ಕಾರದ್ದು. ಕೈಖರ್ಚು ಮಾತ್ರ ಪೋಷಕರದ್ದು. ಆದಾಯ ಕಡಿಮೆಯಿರುವ ಕುಟುಂಬಗಳಿಗೆ ಅದಕ್ಕೂ ನೆರವುಂಟು.

ಇಲ್ಲಿ ಹೆಣ್ಣುಮಕ್ಕಳ ಕಡೆಗೆ ತಿರುಗಿ ಒಂದು ಮಾತನ್ನು ಬಿಡಿಸಿ ಹೇಳಬೇಕು. 2021ರವರೆಗೆ ಎನ್‌ಡಿಎ ಹುಡುಗರಿಗೆ ಮಾತ್ರ ಮೀಸಲಾಗಿತ್ತು. ಆ ವರ್ಷ ಸುಪ್ರೀಂ ಕೋರ್ಟ್ ನೀಡಿದ ಆದೇಶದ ನಂತರ ಹುಡುಗಿಯರೂ ಪರೀಕ್ಷೆ ಬರೆದರು. 2022ರಲ್ಲಿ ಮೊದಲ ತಂಡ ಒಳಗೆ ಹೋಯಿತು. 2025ರ ಮೇ ತಿಂಗಳಲ್ಲಿ 17 ಮಹಿಳಾ ಕೆಡೆಟ್‌ಗಳು ತರಬೇತಿ ಮುಗಿಸಿ ಹೊರಬಂದರು. ಇದು ಹೊಸ ಸಂಗತಿಯಾದ್ದರಿಂದ "ಅದು ಗಂಡುಮಕ್ಕಳಿಗೆ" ಎಂಬ ಹಳೆಯ ತಿಳಿವಳಿಕೆ ಇನ್ನೂ ಊರುಗಳಲ್ಲಿ ಉಳಿದಿರುವುದು ಸಹಜ. ತರಗತಿಯಲ್ಲಿ ಅದು ಉಳಿಯಬಾರದು.

ಹಂತ 3: ಅನ್ವೇಷಣೆ (20 ನಿಮಿಷ)

ಇದು ಈ ಪಾಠದ ಮುಖ್ಯ ಚಟುವಟಿಕೆ. ಲಿಖಿತ ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳಿವೆ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯ ಪರೀಕ್ಷೆಗೆ 600 ಅಂಕ. ಎರಡಕ್ಕೂ ತಲಾ ಎರಡೂವರೆ ಗಂಟೆ. ಎರಡನೆಯ ಪತ್ರಿಕೆಯಲ್ಲಿ ಇಂಗ್ಲಿಷ್‌ಗೆ 200 ಅಂಕ. ಉಳಿದ 400ರಲ್ಲಿ ಭೌತಶಾಸ್ತ್ರಕ್ಕೆ 100, ರಸಾಯನಶಾಸ್ತ್ರಕ್ಕೆ 60, ಸಾಮಾನ್ಯ ವಿಜ್ಞಾನಕ್ಕೆ 40, ಇತಿಹಾಸ ಮತ್ತು ಸ್ವಾತಂತ್ರ್ಯ ಚಳವಳಿಗೆ 80, ಭೂಗೋಳಕ್ಕೆ 80, ಪ್ರಚಲಿತ ವಿದ್ಯಮಾನಗಳಿಗೆ 40, ಸುಮಾರಾಗಿ ಹೀಗೆ ಹಂಚಿಕೆಯಾಗುತ್ತದೆ.

ಈ ಅಂಕಗಳನ್ನು ಹಲಗೆಯ ಮೇಲೆ ಬರೆದು ಗುಂಪುಗಳಿಗೆ ಒಂದೇ ಪ್ರಶ್ನೆ ಕೊಡಬೇಕು: "ಈ 900 ಅಂಕಗಳಲ್ಲಿ ನಮ್ಮ ಶಾಲೆಯ ಯಾವ ಶಿಕ್ಷಕರ ಪಾಲು ಎಷ್ಟು? ವೃತ್ತ ನಕ್ಷೆ ಬರೆಯಿರಿ."

ಮಕ್ಕಳು ಕೂಡಿ ನೋಡಿದಾಗ ಸಿಗುವ ಉತ್ತರ: ಗಣಿತದ ಶಿಕ್ಷಕರದು 300, ವಿಜ್ಞಾನದವರದು 200, ಇಂಗ್ಲಿಷಿನವರದು 200, ಸಮಾಜ ವಿಜ್ಞಾನದವರದು 160, ದಿನಪತ್ರಿಕೆಯದು 40. ಕೋನಗಳು ಕ್ರಮವಾಗಿ 120, 80, 80, 64, 16 ಡಿಗ್ರಿ. ಭಿನ್ನರಾಶಿಯ ತೊಡಕಿಲ್ಲದೆ ಲೆಕ್ಕ ಸರಿಹೋಗುವುದರಿಂದ ಗಣಿತದಲ್ಲಿ ಹಿಂದಿರುವ ಮಕ್ಕಳೂ ನಕ್ಷೆ ಮುಗಿಸುತ್ತಾರೆ.

ನಕ್ಷೆ ಮುಗಿದ ಮೇಲೆ ಶಿಕ್ಷಕರು ಹೆಚ್ಚು ಮಾತನಾಡಬೇಕಿಲ್ಲ. ಅಧಿಕಾರಿಯ ಪರೀಕ್ಷೆಯೆಂದರೆ ಬಂದೂಕು, ಕವಾಯತುಗಳ ವಿಷಯವೆಂದುಕೊಂಡಿದ್ದ ಮಕ್ಕಳ ಎದುರಿಗೆ ತಮ್ಮದೇ ವೇಳಾಪಟ್ಟಿ ನಿಂತಿರುತ್ತದೆ. ಎನ್‌ಡಿಎ ಗಣಿತದ ಪಠ್ಯಕ್ರಮ ಹನ್ನೆರಡನೇ ತರಗತಿಯ ಮಟ್ಟದ್ದು ನಿಜ. ಆದರೆ ಅದರಲ್ಲಿ ಬರುವ ಶ್ರೇಢಿಗಳು, ವರ್ಗ ಸಮೀಕರಣ, ತ್ರಿಕೋನಮಿತಿ, ನಿರ್ದೇಶಾಂಕ ರೇಖಾಗಣಿತ, ಸಂಖ್ಯಾಶಾಸ್ತ್ರ, ಸಂಭವನೀಯತೆ ಇವೆಲ್ಲ ನಮ್ಮ ಹತ್ತನೇ ತರಗತಿಯ ಪುಸ್ತಕದಲ್ಲಿ ಮೊಳಕೆಯೊಡೆದ ಅಧ್ಯಾಯಗಳೇ. ಪ್ರೌಢಶಾಲೆಯ ಗಣಿತ ಗಟ್ಟಿಯಾಗಿದ್ದರೆ ಪಿಯುಸಿಯ ಎರಡು ವರ್ಷ ಸಾಕಾಗುತ್ತದೆ. ಅದು ಸಡಿಲವಾಗಿದ್ದರೆ ಯಾವ ಕೋಚಿಂಗಿನಲ್ಲೂ ಮೂರು ತಿಂಗಳಲ್ಲಿ ತುಂಬಿಸಲು ಬರುವುದಿಲ್ಲ.

ಎರಡನೇ ಅವಧಿ

ಹಂತ 4: ವಿಸ್ತರಣೆ

ಅ) ಋಣಾತ್ಮಕ ಅಂಕದ ಲೆಕ್ಕ (10 ನಿಮಿಷ)

ಗಣಿತ ಪತ್ರಿಕೆಯಲ್ಲಿ 120 ಪ್ರಶ್ನೆಗಳು. ಸರಿಯುತ್ತರಕ್ಕೆ ಎರಡೂವರೆ ಅಂಕ. ತಪ್ಪುತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ಬಿಟ್ಟ ಪ್ರಶ್ನೆಗೆ ಏನೂ ಕಳೆಯುವುದಿಲ್ಲ.

ಲೆಕ್ಕ: ಒಬ್ಬಳು 50 ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿ ಉಳಿದದ್ದನ್ನು ಬಿಟ್ಟಳು. ಇನ್ನೊಬ್ಬನು 50 ಸರಿ ಉತ್ತರಗಳ ಜೊತೆಗೆ 20 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿ ಎಲ್ಲವನ್ನೂ ತಪ್ಪು ಮಾಡಿದನು. ಇಬ್ಬರಿಗೂ ಸಿಗುವ ಅಂಕ ಎಷ್ಟು?

ಉತ್ತರ: ಅವಳಿಗೆ 125. ಅವನಿಗೆ ಸುಮಾರು 108.

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬಿಡುವುದೂ ಒಂದು ಕೌಶಲ ಎಂಬುದು ಈ ಲೆಕ್ಕದಿಂದ ಮನದಟ್ಟಾಗುತ್ತದೆ. ಜೊತೆಗೆ ಇನ್ನೊಂದು ಮಾಹಿತಿ ಕೊಡಬೇಕು. 2021ರಿಂದ 2024ರವರೆಗಿನ ಪರೀಕ್ಷೆಗಳಲ್ಲಿ ಲಿಖಿತ ಹಂತ ದಾಟಲು ಬೇಕಾಗಿದ್ದ ಅಂಕ 900ಕ್ಕೆ ಸುಮಾರು 290 ಮತ್ತು 360ರ ನಡುವೆ ಇತ್ತು. ಪ್ರತಿ ವಿಷಯದಲ್ಲೂ ಕನಿಷ್ಠ ಅಂಕ ಪಡೆಯಬೇಕಾಗುತ್ತದೆ. ಅಂದರೆ ಇದು ನೂರಕ್ಕೆ ತೊಂಬತ್ತು ತೆಗೆಯುವವರ ಪರೀಕ್ಷೆಯಲ್ಲ. ಕಠಿಣ ಪತ್ರಿಕೆಯಲ್ಲಿ ಯಾವ ವಿಷಯವನ್ನೂ ಪೂರ್ತಿ ಕೈಬಿಡದೆ ನಿಲ್ಲುವವರ ಪರೀಕ್ಷೆ.

ಆ) ವಯಸ್ಸಿನ ಲೆಕ್ಕ (5 ನಿಮಿಷ)

2025ರ ಮೊದಲ ಪರೀಕ್ಷೆಗೆ 2006ರ ಜುಲೈ 2ರಿಂದ 2009ರ ಜುಲೈ 1ರ ನಡುವೆ ಹುಟ್ಟಿದವರು ಅರ್ಹರಾಗಿದ್ದರು. ಪ್ರತಿ ಪರೀಕ್ಷೆಗೂ ಈ ಕಿಟಕಿ ಸುಮಾರು ಆರು ತಿಂಗಳು ಮುಂದಕ್ಕೆ ಸರಿಯುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹುಟ್ಟಿದ ದಿನಕ್ಕೆ ಹದಿನಾರೂವರೆ ಮತ್ತು ಹತ್ತೊಂಬತ್ತೂವರೆ ವರ್ಷ ಸೇರಿಸಿ ಆ ಎರಡು ದಿನಾಂಕಗಳನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳಲಿ. ದ್ವಿತೀಯ ಪಿಯುಸಿಯಲ್ಲಿ ಆರಂಭಿಸಿದರೂ ಒಂದಕ್ಕಿಂತ ಹೆಚ್ಚು ಸಲ ಬರೆಯಲು ಅವಕಾಶವಿದೆ ಎಂಬುದು ಲೆಕ್ಕದಲ್ಲೇ ಕಾಣುತ್ತದೆ.

ಇಲ್ಲಿ ಶಿಕ್ಷಕರ ಜವಾಬ್ದಾರಿಯೊಂದಿದೆ. ಲೋಕಸೇವಾ ಆಯೋಗ ಒಪ್ಪುವುದು ಹತ್ತನೇ ತರಗತಿಯ ಅಂಕಪಟ್ಟಿ ಅಥವಾ ಪ್ರಮಾಣಪತ್ರದಲ್ಲಿರುವ ಜನ್ಮದಿನಾಂಕವನ್ನು. ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆಸಿದ ದಿನಾಂಕ, ಆಧಾರ್‌ನಲ್ಲಿ ಒಂದು ಹೆಸರು ದಾಖಲಾತಿ ಪುಸ್ತಕದಲ್ಲಿ ಇನ್ನೊಂದು ಹೆಸರು, ಇನಿಷಿಯಲ್ ಹಿಂದೆ ಮುಂದೆ ಆಗಿರುವುದು, ಇವು ಹಳ್ಳಿಯ ಶಾಲೆಗಳಲ್ಲಿ ಅಪರೂಪವಲ್ಲ. ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮೊದಲೇ, ಒಂಬತ್ತನೇ ತರಗತಿಯಲ್ಲೇ, ಇವನ್ನು ತಾಳೆ ನೋಡಿ ಪೋಷಕರಿಗೆ ತಿಳಿಸಿದರೆ ಮುಂದಿನ ಅಲೆದಾಟ ತಪ್ಪುತ್ತದೆ. ಸೇನೆಗೆ ಹೋಗದ ಮಗುವಿಗೂ ಇದು ಉಪಕಾರವೇ.

ಇ) ಗುಂಪು ಯೋಜನೆ (15 ನಿಮಿಷ)

ಲಿಖಿತ ಪರೀಕ್ಷೆ ದಾಟಿದವರನ್ನು ಐದು ದಿನಗಳ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಬೆಂಗಳೂರಿನಲ್ಲಿ ಭೂಸೇನೆಯ ಆಯ್ಕೆ ಕೇಂದ್ರವಿದೆ, ಮೈಸೂರಿನಲ್ಲಿ ವಾಯುಪಡೆಯದಿದೆ. ಬೇರೆ ರಾಜ್ಯದ ಕೇಂದ್ರಕ್ಕೂ ಕರೆ ಬರಬಹುದು. ಮೊದಲ ದಿನ ಬುದ್ಧಿಶಕ್ತಿಯ ಪ್ರಶ್ನೆಗಳು ಮತ್ತು ಒಂದು ಚಿತ್ರ ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವ ಪರೀಕ್ಷೆ. ಅದರಲ್ಲಿ ಉಳಿದವರಿಗೆ ಮಾತ್ರ ಮುಂದಿನ ದಿನಗಳು. ಆಮೇಲೆ ಮನಶ್ಶಾಸ್ತ್ರದ ಪರೀಕ್ಷೆಗಳು, ಮೈದಾನದಲ್ಲಿ ಗುಂಪು ಕೆಲಸಗಳು, ವೈಯಕ್ತಿಕ ಸಂದರ್ಶನ. ಕೊನೆಯ ದಿನ ಎಲ್ಲ ಪರೀಕ್ಷಕರೂ ಕೂಡಿ ತೀರ್ಮಾನಿಸುತ್ತಾರೆ. ಪದಗಳ ಪರೀಕ್ಷೆಯೊಂದರಲ್ಲಿ 60 ಪದಗಳನ್ನು ಒಂದೊಂದಾಗಿ 15 ಸೆಕೆಂಡು ತೋರಿಸುತ್ತಾರೆ. ಪ್ರತಿ ಪದಕ್ಕೂ ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಬಾಯಿಪಾಠ ಮಾಡಿದ ವಾಕ್ಯಗಳು ಇಲ್ಲಿ ಹೆಚ್ಚು ದೂರ ಬರುವುದಿಲ್ಲ.

ಈ ಹಂತವನ್ನು ಭಾಷಣದಿಂದ ವಿವರಿಸುವುದಕ್ಕಿಂತ ಮಾಡಿಸಿ ತೋರಿಸುವುದು ಒಳ್ಳೆಯದು. ಎಂಟು ಮಕ್ಕಳ ಗುಂಪುಗಳಿಗೆ ಈ ಸಮಸ್ಯೆ ಕೊಡಬಹುದು:

"ನೀವು ಎಂಟು ಜನ ಪರೀಕ್ಷೆ ಬರೆಯಲು ಹಳ್ಳಿಯಿಂದ ನಡೆದು ಹೆದ್ದಾರಿಗೆ ಬರುತ್ತಿದ್ದೀರಿ. ಮುಳಬಾಗಿಲಿನ ಬಸ್ಸು ಅರ್ಧ ಗಂಟೆಯಲ್ಲಿ ಬರುತ್ತದೆ. ತಿರುವಿನಲ್ಲಿ ಟೊಮೆಟೊ ಲಾರಿ ಮಗುಚಿದೆ. ಚಾಲಕನ ಕಾಲಿಗೆ ಪೆಟ್ಟಾಗಿದೆ. ರಸ್ತೆಯ ತುಂಬ ಕ್ರೇಟುಗಳು ಬಿದ್ದಿವೆ, ಹಿಂದಿನಿಂದ ವಾಹನಗಳು ಬರುತ್ತಿವೆ. ನಿಮ್ಮಲ್ಲಿ ಒಬ್ಬರ ಬಳಿ ಮಾತ್ರ ಫೋನ್ ಇದೆ. ಒಂದು ಕಿಲೋಮೀಟರ್ ದೂರದಲ್ಲಿ ಪೆಟ್ರೋಲ್ ಬಂಕ್ ಇದೆ. ಏನು ಮಾಡುತ್ತೀರಿ?"

ಎರಡು ನಿಮಿಷ ಒಬ್ಬೊಬ್ಬರೇ ಬರೆಯಬೇಕು, ಎಂಟು ನಿಮಿಷ ಗುಂಪಿನಲ್ಲಿ ಚರ್ಚಿಸಬೇಕು, ಕೊನೆಗೆ ಒಬ್ಬರು ಗುಂಪಿನ ಯೋಜನೆ ಹೇಳಬೇಕು. ಪ್ರಶಿಕ್ಷಣಾರ್ಥಿಯು ಮಧ್ಯೆ ಬಾಯಿಹಾಕದೆ ಗಮನಿಸಬೇಕಾದ ಅಂಶಗಳು: ಹಿಂದಿನ ವಾಹನಗಳನ್ನು ಮೊದಲು ತಡೆಯಬೇಕೆಂದು ಯಾರಿಗೆ ಹೊಳೆಯಿತು? 108ಕ್ಕೆ ಕರೆ ಮಾಡುವ ಕೆಲಸವನ್ನು ಒಬ್ಬರಿಗೆ ವಹಿಸಿದರೇ, ಎಲ್ಲರೂ ಅದನ್ನೇ ಹೇಳಿದರೇ? ಮೆತ್ತಗೆ ಮಾತಾಡುವ ಮಗುವಿನ ಮಾತನ್ನು ಯಾರು ಕೇಳಿಸಿಕೊಂಡರು? ಪರೀಕ್ಷೆಗೆ ಹೋಗುವುದನ್ನು ಮರೆತರೇ, ಅದಕ್ಕೂ ದಾರಿ ಹುಡುಕಿದರೇ? ಜೋರಾಗಿ ಮಾತಾಡಿದವನು ನಾಯಕ ಎಂಬ ಭಾವನೆ ಮಕ್ಕಳಲ್ಲಿದೆ. ಚಟುವಟಿಕೆಯ ಕೊನೆಗೆ ಕೆಲಸ ಹಂಚಿದವರು, ಕೇಳಿಸಿಕೊಂಡವರು, ಬಿಟ್ಟುಹೋದದ್ದನ್ನು ನೆನಪಿಸಿದವರು ಯಾರೆಂದು ಮಕ್ಕಳಿಂದಲೇ ಹೇಳಿಸಿದರೆ ಆ ಭಾವನೆ ತಾನಾಗಿ ಸರಿಹೋಗುತ್ತದೆ.

ಈ) ಭಾಷೆಯ ಪ್ರಶ್ನೆ (5 ನಿಮಿಷ)

ಇದನ್ನು ಮುಚ್ಚಿಡಬಾರದು. ಎನ್‌ಡಿಎ ಪ್ರಶ್ನೆಪತ್ರಿಕೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ, ಕನ್ನಡದಲ್ಲಿ ಇರುವುದಿಲ್ಲ. ಎಸ್‌ಎಸ್‌ಬಿಯೂ ಹಾಗೆಯೇ. ನಮ್ಮ ಭಾಗದ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಿಯುಸಿ ವಿಜ್ಞಾನಕ್ಕೆ ಹೋದರೆ ಇಂಗ್ಲಿಷ್, ಹೀಗೆ ಮೂರು ಭಾಷೆಗಳನ್ನು ದಾಟುವವರು. ಇದನ್ನು ಕೊರತೆಯೆಂದು ಹೇಳಿ ಮಕ್ಕಳನ್ನು ಕುಗ್ಗಿಸುವುದು ಸರಿಯಲ್ಲ. ಎರಡು ಭಾಷೆಗಳನ್ನು ಆಗಲೇ ಬಳಸುತ್ತಿರುವ ಮಗು ಮೂರನೆಯದನ್ನು ಕಲಿಯಬಲ್ಲದು. ಆದರೆ ದಾಟಲು ಸಮಯ ಬೇಕು. ಆ ಸಮಯ ಇರುವುದು ಪ್ರೌಢಶಾಲೆಯಲ್ಲಿ.

ಸರಳ ಉಪಾಯವೆಂದರೆ ಜೋಡಿಪದಗಳ ಪುಸ್ತಕ. ಗಣಿತ, ವಿಜ್ಞಾನದ ಪ್ರತಿ ಅಧ್ಯಾಯ ಮುಗಿದಾಗ ಎಡಗಡೆ ಕನ್ನಡದ ಪದ, ಬಲಗಡೆ ಇಂಗ್ಲಿಷ್ ಪದ. ಸಮಾಂತರ ಶ್ರೇಢಿಯ ಎದುರಿಗೆ ಅರಿಥ್ಮೆಟಿಕ್ ಪ್ರೊಗ್ರೆಷನ್, ವಕ್ರೀಭವನದ ಎದುರಿಗೆ ರಿಫ್ರ್ಯಾಕ್ಷನ್, ಪ್ರತ್ಯಾಮ್ಲದ ಎದುರಿಗೆ ಬೇಸ್. ಅರ್ಥವನ್ನು ಕನ್ನಡದಲ್ಲಿ ಗಟ್ಟಿಯಾಗಿ ತಿಳಿದ ಮಗುವಿಗೆ ಪಿಯುಸಿಯಲ್ಲಿ ಬದಲಾಗುವುದು ಹೆಸರು ಮಾತ್ರ. ಅರ್ಥವೇ ತಿಳಿಯದ ಮಗುವಿಗೆ ಎರಡೂ ಹೊಸದು.

ಹಂತ 5: ಮೌಲ್ಯಮಾಪನ (5 ನಿಮಿಷ)

1. ಪಿಯುಸಿಯಲ್ಲಿ ಕಲಾ ವಿಭಾಗ ಓದಿದ ಹುಡುಗಿ ಎನ್‌ಡಿಎ ಪರೀಕ್ಷೆ ಬರೆಯಬಹುದೇ? (ಬರೆಯಬಹುದು, ಭೂಸೇನೆಗೆ ಮಾತ್ರ. ಆದರೆ 300 ಅಂಕದ ಗಣಿತ ಪತ್ರಿಕೆ ಅವಳಿಗೂ ಇದೆ.)
2. ಪೈಲಟ್ ಆಗಲು ಬಯಸುವ ವಿದ್ಯಾರ್ಥಿ ಎಸ್‌ಎಸ್‌ಎಲ್‌ಸಿ ನಂತರ ಯಾವ ವಿಷಯಗಳನ್ನು ಆರಿಸಬೇಕು? (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರುವ ವಿಜ್ಞಾನ ವಿಭಾಗ.)
3. 2009ರ ಆಗಸ್ಟ್ 15ರಂದು ಹುಟ್ಟಿದವನು 2025ರ ಮೊದಲ ಪರೀಕ್ಷೆಗೆ ಅರ್ಹನೇ? (ಅಲ್ಲ. ಮುಂದಿನ ಪರೀಕ್ಷೆಯವರೆಗೆ ಕಾಯಬೇಕು.)
4. 900 ಅಂಕಗಳಲ್ಲಿ ಗಣಿತ ಮತ್ತು ವಿಜ್ಞಾನದ ಒಟ್ಟು ಪಾಲು ಎಷ್ಟು? (500.)

ಮೊದಲ ಪ್ರಶ್ನೆಯ ಉತ್ತರವನ್ನು ಮಕ್ಕಳು ಪೂರ್ತಿಯಾಗಿ ಹೇಳಿದರೆ ಪಾಠ ತಲುಪಿದೆ ಎಂದು ತಿಳಿಯಬಹುದು. ನಿಯಮದ ಪ್ರಕಾರ ಬಾಗಿಲು ತೆರೆದಿದ್ದರೂ ಹತ್ತನೇ ತರಗತಿಗೇ ಗಣಿತ ಬಿಟ್ಟವರಿಗೆ ಅದು ಎಷ್ಟು ಕಿರಿದಾಗುತ್ತದೆ ಎಂಬುದೇ ಮಗು ಮನೆಗೆ ಕೊಂಡೊಯ್ಯಬೇಕಾದ ವಿಷಯ.

ಮನೆಗೆಲಸ: ದಿನಚರಿ

ಪ್ರತಿ ವಿದ್ಯಾರ್ಥಿಯೂ ತನ್ನ ಈಗಿನ ದಿನವನ್ನು ಇದ್ದ ಹಾಗೇ ಬರೆದು, ಅದರೊಳಗೆ ಜಾಗ ಹುಡುಕಬೇಕು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ಹುಡುಗನಿಗೆ "ಐದು ಗಂಟೆಗೆ ಎದ್ದು ಮೈದಾನಕ್ಕೆ ಹೋಗು" ಎಂದರೆ ಪ್ರಯೋಜನವಿಲ್ಲ. ಹಾಲು ಹಾಕಿ ಹಿಂತಿರುಗುವ ದಾರಿಯನ್ನೇ ಓಡಿಕೊಂಡು ಬಂದರೆ ಆಯಿತು. ಎನ್‌ಡಿಎಗೆ ಬರುವವರು 2.4 ಕಿಲೋಮೀಟರನ್ನು 15 ನಿಮಿಷದಲ್ಲಿ ಓಡುವಷ್ಟು, 20 ದಂಡ ಮತ್ತು 20 ಸಿಟ್‌ಅಪ್ ಮಾಡುವಷ್ಟು ಅಭ್ಯಾಸ ಇಟ್ಟುಕೊಂಡು ಬರಲಿ ಎಂಬುದು ಅಧಿಸೂಚನೆಗಳು ಕೊಡುತ್ತ ಬಂದ ಸಲಹೆ. ಹೊಲದ ಕೆಲಸ ಗೊತ್ತಿರುವ ಮಕ್ಕಳಿಗೆ ಇದು ಹೊರೆಯಲ್ಲ. ದಿನಕ್ಕೆ ಹತ್ತು ಗಣಿತದ ಲೆಕ್ಕ, ಶಾಲೆಯ ಗ್ರಂಥಾಲಯದಲ್ಲಿ ಒಂದು ದಿನಪತ್ರಿಕೆ, ವಾರಕ್ಕೊಂದು ಸಲ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಎರಡು ನಿಮಿಷ ಮಾತು. ಇಷ್ಟು ಸಾಕು. ಶಾಲೆಯಲ್ಲಿ ಎನ್‌ಸಿಸಿ ಅಥವಾ ಸ್ಕೌಟ್ಸ್ ಇದ್ದರೆ ಸೇರುವುದು ಒಳ್ಳೆಯದು. ಆದರೆ ಎನ್‌ಡಿಎಗೆ ಅದು ಕಡ್ಡಾಯವಲ್ಲ ಎಂಬುದನ್ನೂ ಹೇಳಬೇಕು. ಇಲ್ಲದ ಶಾಲೆಯ ಮಗು ಅದೇ ಕಾರಣಕ್ಕೆ ಹಿಂಜರಿಯಬಾರದು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ವೈದ್ಯಕೀಯ ವಿಷಯ ಮಾತಾಡುವಾಗ ಎಚ್ಚರ ಬೇಕು. ಕನಿಷ್ಠ ಎತ್ತರ ಸಾಮಾನ್ಯವಾಗಿ ಹುಡುಗರಿಗೆ 157, ಹುಡುಗಿಯರಿಗೆ 152 ಸೆಂಟಿಮೀಟರ್. ವಿಮಾನ ಹಾರಿಸುವವರಿಗೆ ಇದಕ್ಕಿಂತ ಹೆಚ್ಚು ಬೇಕು. ತರಗತಿಯಲ್ಲಿ ಎಲ್ಲರೆದುರು ಯಾರ ಎತ್ತರವನ್ನೂ ಅಳೆಯಬಾರದು. ಅವರಿನ್ನೂ ಬೆಳೆಯುವ ವಯಸ್ಸಿನವರು. ಕಣ್ಣಿನ ದೋಷ, ಬಣ್ಣ ಗುರುತಿಸುವಿಕೆಯ ತೊಂದರೆ ಇರುವವರು ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಹೇಳಬಹುದು. ಹಚ್ಚೆಯ ವಿಷಯವನ್ನು ಮಾತ್ರ ಎಲ್ಲರಿಗೂ ಹೇಳಬೇಕು. ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆ ಮುಂದೋಳಿನ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟು ಬೇರೆಡೆ ಇದ್ದರೆ ಆಯ್ಕೆಗೇ ಅಡ್ಡಿಯಾಗಬಹುದು.

"ಇಷ್ಟು ದುಡ್ಡು ಕೊಟ್ಟರೆ ಸೇರಿಸುತ್ತೇವೆ" ಎನ್ನುವವರು ಯಾವ ಊರಿನಲ್ಲೂ ಸಿಗುತ್ತಾರೆ. ಈ ಆಯ್ಕೆಯಲ್ಲಿ ಮಧ್ಯವರ್ತಿಗೆ ಜಾಗವಿಲ್ಲ ಎಂಬುದನ್ನು ಪೋಷಕರ ಸಭೆಯಲ್ಲಿ ಹೇಳುವುದು ಅಗತ್ಯ.

ತಾಯಂದಿರ ಭಯಕ್ಕೆ ಹಗುರವಾದ ಉತ್ತರ ಕೊಡಬಾರದು. "ನಮ್ಮ ಮಗೂಗೆ ಏನಾದ್ರೂ ಆದ್ರೆ ಮೇಷ್ಟ್ರೇ?" ಎಂದು ಕೇಳಿದರೆ, ಇದು ಪ್ರಾಣಾಪಾಯವಿರುವ ವೃತ್ತಿ ಎಂಬುದನ್ನು ಒಪ್ಪಿಕೊಂಡೇ ಮಾತಾಡಬೇಕು. ಬೆಂಗಳೂರಿನಲ್ಲಿ ಶಾಲೆ ಓದಿ 1995ರಲ್ಲಿ ಎನ್‌ಡಿಎ ಸೇರಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರ ನವೆಂಬರ್‌ನಲ್ಲಿ ಮುಂಬೈ ದಾಳಿಯ ವೇಳೆ ಹುತಾತ್ಮರಾದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೋಗಬೇಕೋ ಬೇಡವೋ ಎಂಬ ತೀರ್ಮಾನ ಮಗುವಿನದು ಮತ್ತು ಮನೆಯವರದು. ದಾರಿ ಇದೆ, ಅದರ ಸ್ವರೂಪ ಹೀಗಿದೆ ಎಂದು ತಿಳಿಸುವುದಷ್ಟೇ ಶಿಕ್ಷಕರ ಕೆಲಸ.

ಪ್ರತಿ ಪರೀಕ್ಷೆಯಲ್ಲೂ ಇರುವ ಸ್ಥಾನಗಳು ಸುಮಾರು ನಾನೂರು, ಸ್ಪರ್ಧಿಸುವುದು ಇಡೀ ದೇಶ. ಆದ್ದರಿಂದ ಆಯ್ಕೆಯಾಗದವರೇ ಹೆಚ್ಚು ಎಂಬುದನ್ನೂ ಹೇಳಬೇಕು. ಎನ್‌ಡಿಎ ತಪ್ಪಿದವರಿಗೆ ಪದವಿಯ ನಂತರ ಸಿಡಿಎಸ್ ಪರೀಕ್ಷೆ, ವಾಯುಪಡೆಯ ಎಎಫ್‌ಕ್ಯಾಟ್, ಎನ್‌ಸಿಸಿಯ ಸಿ ಪ್ರಮಾಣಪತ್ರ ಇದ್ದವರಿಗೆ ವಿಶೇಷ ಪ್ರವೇಶ ಎಂಬ ದಾರಿಗಳಿವೆ. ಯಾವುದೂ ಆಗದಿದ್ದರೂ ಗಟ್ಟಿಯಾದ ಗಣಿತ, ಓದಿ ಅರ್ಥಮಾಡಿಕೊಳ್ಳುವಷ್ಟು ಇಂಗ್ಲಿಷ್, ನಾಲ್ಕು ಜನರೆದುರು ಮಾತಾಡುವ ಧೈರ್ಯ, ಆರೋಗ್ಯವಂತ ಮೈ ಇವುಗಳಲ್ಲಿ ಒಂದೂ ವ್ಯರ್ಥವಾಗುವುದಿಲ್ಲ. ಇಂಥ ತಯಾರಿಯನ್ನಷ್ಟೇ ನಾವು ಪ್ರೌಢಶಾಲೆಯಲ್ಲಿ ಧೈರ್ಯವಾಗಿ ಎಲ್ಲ ಮಕ್ಕಳಿಗೂ ಮಾಡಿಸಬಹುದು.

ಅಧಿಸೂಚನೆಯ ವಿವರಗಳು ಆಗಾಗ ಬದಲಾಗುತ್ತವೆ. ಈ ಪಾಠವನ್ನು ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಆ ವರ್ಷದ ಅಧಿಸೂಚನೆಯ ವಯಸ್ಸಿನ ದಿನಾಂಕಗಳನ್ನು ಹಲಗೆಯ ಮೇಲೆ ಹೊಸದಾಗಿ ಬರೆಯಬೇಕು. ಮಕ್ಕಳು ಬಿಡಿಸಿದ ವೃತ್ತ ನಕ್ಷೆಗಳಲ್ಲಿ ಒಂದನ್ನು ತರಗತಿಯ ಗೋಡೆಗೆ ಅಂಟಿಸಿ ಬಂದರೆ, ಬೋಧನಾಭ್ಯಾಸದ ವಾರಗಳು ಮುಗಿದು ನಾವು ಹೊರಟ ಮೇಲೂ ಮುಂದಿನ ವರ್ಷದ ಮಕ್ಕಳು ಅದನ್ನು ನೋಡುತ್ತಾರೆ.